ಎಲೆ ಬೇಕಾದಷ್ಟು, ಹೂವೇ ಇಲ್ಲ: ಜಯನಗರದ ಐರಿಸ್ ಪಾತಿ ರಿಪೇರಿ

ಜಯನಗರದಲ್ಲಿ ನಮ್ಮ ದೊಡ್ಡಮ್ಮನ ಮನೆ ಹಿತ್ತಲಲ್ಲಿ ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಐರಿಸ್ ಪಾತಿ ಇದೆ. ಎಲೆ ಮಂಡಿಯವರೆಗೆ ಬೆಳೆದು ಕಡು ಹಸಿರಾಗಿ ನಿಂತಿತ್ತು. ಹೂವು ಮಾತ್ರ ಕೆಲವು ವರ್ಷಗಳಿಂದ ಇಲ್ಲ. ಮಾಲಿ ಮೊದಲು ಯೂರಿಯಾ ಹಾಕಿದರು, ಆಮೇಲೆ ಡಿಎಪಿ, ಆಮೇಲೆ ಯಾರೋ ಹೇಳಿದರು ಅಂತ ಸಗಣಿ ನೀರು. ಎಲೆ ಇನ್ನಷ್ಟು ಜಾಸ್ತಿ ಆಯಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅದು ಎಲೆ ಬೆಳೆಸುವ ಗೊಬ್ಬರ, ಎಲೆಯನ್ನೇ ಬೆಳೆಸಿತು.

ಸಂಕ್ರಾಂತಿ ಮುಗಿದ ಮೇಲೆ ಆ ಪಾತಿಯನ್ನು ಪೂರ್ತಿ ಬಿಚ್ಚಿ ಸರಿ ಮಾಡುವ ಕೆಲಸಕ್ಕೆ ಕೈ ಹಾಕಿದೆ. ಮುಂದಿನ ವರ್ಷದ ಫೆಬ್ರವರಿವರೆಗೂ ಕೆಲಸ ನಡೆಯಿತು. ಇದು ಅದರ ವಿವರ. ನಿಮ್ಮ ಮನೆಯಲ್ಲೂ ಹೂ ಬಿಡದ ಐರಿಸ್ ಇದ್ದರೆ ನನ್ನ ಮೊದಲ ಮಾತು ಇಷ್ಟೇ: ಗೊಬ್ಬರದ ಚೀಲ ಪಕ್ಕಕ್ಕಿಡಿ, ಅದು ಯಾವ ಐರಿಸ್ ಅಂತ ಮೊದಲು ತಿಳಿದುಕೊಳ್ಳಿ.

ಒಂದೇ ಪಾತಿ, ಮೂರು ಗಿಡ

ದೊಡ್ಡಮ್ಮ ಎಲ್ಲವನ್ನೂ ಐರಿಸ್ ಅಂತಲೇ ಕರೆಯುತ್ತಾರೆ. ನರ್ಸರಿಯವರೂ ಹಾಗೇ ಮಾರುತ್ತಾರೆ. ಆದರೆ ಎಲೆ ಸರಿಸಿ ಬುಡ ನೋಡಿದರೆ ಅಲ್ಲಿ ಮೂರು ಬೇರೆ ಬೇರೆ ಗಿಡಗಳಿದ್ದವು.

ಒಂದು ವಾಕಿಂಗ್ ಐರಿಸ್, ಅಂದರೆ ನಿಯೋಮಾರಿಕಾ. ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಕಾಡಿನ ಗಿಡ. ಅಗಲ ಎಲೆ, ಬೀಸಣಿಗೆ ಬಿಚ್ಚಿದ ಹಾಗೆ ಒಂದೇ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ಬಿಳಿ-ನೀಲಿ ಹೂವು, ಘಮ ಇದೆ, ಆದರೆ ಒಂದೇ ದಿನ. ಹೂ ಮುಗಿದ ಮೇಲೆ ಅದೇ ದಂಟಿನ ತುದಿಯಲ್ಲಿ ಮರಿ ಗಿಡ ಹುಟ್ಟಿ, ದಂಟು ಬಗ್ಗಿ, ಮರಿ ನೆಲಕ್ಕೆ ತಾಗಿ ಬೇರು ಬಿಡುತ್ತದೆ. ಹಾಗೆ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ.

ಎರಡನೆಯದು ಆಫ್ರಿಕನ್ ಐರಿಸ್, ಡಯಟಿಸ್. ಕಿರಿದಾದ ಗಟ್ಟಿ ಎಲೆ. ಅಪಾರ್ಟ್‌ಮೆಂಟ್‌ಗಳ ಗೇಟ್ ಪಕ್ಕ, ಆಫೀಸ್ ಕ್ಯಾಂಪಸ್‌ಗಳ ದಾರಿ ಬದಿ ಸಾಲಾಗಿ ನೆಟ್ಟಿರುತ್ತಾರೆ, ನೀವೆಲ್ಲ ನೋಡಿರುತ್ತೀರಿ.

ಮೂರನೆಯದು ಗಡ್ಡದ ಐರಿಸ್. ಹೂವಿನ ಕೆಳ ಎಸಳುಗಳ ಮೇಲೆ ಸಣ್ಣ ಗಡ್ಡ ಇರುವ ದೊಡ್ಡ ನೇರಳೆ ಹೂವಿನ ಜಾತಿ, ಫೋಟೋಗಳಲ್ಲಿ ನಾವು ನೋಡಿ ಆಸೆಪಡುವುದು ಇದನ್ನೇ. ನಮ್ಮ ಅಣ್ಣ ಶ್ರೀನಗರಕ್ಕೆ ಹೋದಾಗ ಗೆಡ್ಡೆ ತಂದುಕೊಟ್ಟಿದ್ದ. ಕಾಶ್ಮೀರದಲ್ಲಿ ಐರಿಸ್ ಅನ್ನು ಸಮಾಧಿಗಳ ಮೇಲೂ ನೆಡುವ ಪದ್ಧತಿ ಇದೆ, ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿನ ಕಬರಸ್ತಾನಗಳು ನೇರಳೆ ಬಣ್ಣಕ್ಕೆ ತಿರುಗಿರುತ್ತವೆ.

ಇದರಲ್ಲಿ ಐರಿಸ್ ಕುಲಕ್ಕೆ ನಿಜವಾಗಿ ಸೇರಿದ್ದು ಮೂರನೆಯದೊಂದೇ. ಉಳಿದೆರಡು ಅದೇ ಕುಟುಂಬದ ನೆಂಟರು. ನಮ್ಮ ಕೆ.ಆರ್. ಮಾರ್ಕೆಟ್‌ನಲ್ಲಿ ಕಟ್ಟುಗಟ್ಟಲೆ ಸಿಗುವ ಗ್ಲ್ಯಾಡಿಯೋಲಸ್ ಕೂಡ ಅದೇ ಕುಟುಂಬ. ನೆಂಟರಾದ ಮಾತ್ರಕ್ಕೆ ಊಟ ಒಂದೇ ಆಗಬೇಕಿಲ್ಲ. ಒಂದಕ್ಕೆ ನೆರಳು ಸಾಕು, ಇನ್ನೊಂದಕ್ಕೆ ಅರ್ಧ ದಿನದ ಬಿಸಿಲಾದರೂ ಬೇಕು, ಮತ್ತೊಂದಕ್ಕೆ ಬಿಸಿಲೂ ಬೇಕು, ಮೈ ಕೊರೆಯುವ ಚಳಿಯೂ ಬೇಕು. ಮೂರನ್ನೂ ಒಟ್ಟಿಗೆ ನೆಟ್ಟು ಒಂದೇ ಪೈಪಿನಲ್ಲಿ ದಿನಾ ನೀರು ಬಿಟ್ಟರೆ ಯಾವುದಕ್ಕೂ ಸುಖ ಇಲ್ಲ.

ನೆರಳಿನ ಲೆಕ್ಕ

ಅಗೆಯುವ ಮುಂಚೆ ಬಿಸಿಲು ನೋಡಬೇಕು. ಇದು ನನಗೆ ತುಂಬಾ ಮುಖ್ಯ ಅನ್ನಿಸಿದ ಭಾಗ, ಯಾಕೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತೋಟ ಕೆಟ್ಟಿರುವುದು ಇದರಿಂದಲೇ.

ದೊಡ್ಡಮ್ಮನ ಮನೆ ಉತ್ತರಕ್ಕೆ ಮುಖ ಮಾಡಿದೆ, ಹಿತ್ತಲು ದಕ್ಷಿಣಕ್ಕೆ. ಹಿಂದಿನ ಸೈಟಿನಲ್ಲಿ ಮೊದಲು ಹೆಂಚಿನ ಮನೆ ಇತ್ತು. ಈಗ ಅಲ್ಲಿ ಸುಮಾರು 40 ಅಡಿ ಎತ್ತರದ ಕಟ್ಟಡ ಎದ್ದಿದೆ. ಹೂವು ನಿಂತದ್ದು ಯಾವಾಗಿಂದ ಅಂತ ಕೇಳಿದೆ. ದೊಡ್ಡಮ್ಮ ಸ್ವಲ್ಪ ಯೋಚಿಸಿ, "ಆ ಬಿಲ್ಡಿಂಗ್ ಆದ್ಮೇಲೆ ಇರಬೇಕು ಕಣೋ. ಆದ್ರೆ ಬೇಸಿಗೇಲಿ ಇಲ್ಲಿ ಬಿಸಿಲು ಸುಡತ್ತಲ್ಲ, ಅದು ಹೇಗೆ ಅಡ್ಡ ಬರತ್ತೆ?" ಅಂದರು.

ಅವರ ಪ್ರಶ್ನೆ ಸರಿಯಾಗೇ ಇತ್ತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ತಲೆ ಮೇಲೆ ಬರುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನುವುದು. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ, ಆಗ ದಕ್ಷಿಣದ ಕಟ್ಟಡ ಎಷ್ಟೇ ಎತ್ತರ ಇದ್ದರೂ ನೆರಳು ನಮ್ಮ ಕಡೆ ಬೀಳುವುದಿಲ್ಲ. ಆದರೆ ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 53 ಡಿಗ್ರಿ ಮೇಲೆ ಮಾತ್ರ ಇರುತ್ತಾನೆ. 40 ಅಡಿ ಕಟ್ಟಡದ ನೆರಳು ಆಗ ಹತ್ತಿರ ಹತ್ತಿರ 30 ಅಡಿ ಉದ್ದ.

ಪಾತಿಯ ಒಂದು ತುದಿ ಆ ಗೋಡೆಯಿಂದ 10 ಅಡಿ ದೂರ, ಇನ್ನೊಂದು ತುದಿ 20 ಅಡಿ. ಲೆಕ್ಕ ಹಾಕಿದರೆ ಹತ್ತಿರದ ತುದಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗೆ ಮಧ್ಯಾಹ್ನದ ಬಿಸಿಲಿಲ್ಲ. ದೂರದ ತುದಿಗೂ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಎರಡನೇ ವಾರದವರೆಗೆ ಇಲ್ಲ. ಪೂರ್ವಕ್ಕೆ ಪಕ್ಕದ ಮನೆ, ಪಶ್ಚಿಮಕ್ಕೆ ಮಾವಿನ ಮರ, ಹಾಗಾಗಿ ಬೆಳಗ್ಗೆ-ಸಂಜೆಯ ಬಿಸಿಲಿನ ಲೆಕ್ಕವೂ ಇಲ್ಲ. ಇನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯ ಮೇಲಿದ್ದರೂ ಮೋಡ. ಅಂದರೆ ಮಳೆ ಮುಗಿದು ಆಕಾಶ ತಿಳಿಯಾಗಿ ಗಿಡ ಶಕ್ತಿ ಕೂಡಿಟ್ಟುಕೊಳ್ಳಬೇಕಾದ ಆ ತಿಂಗಳುಗಳಲ್ಲೇ ಪಾತಿ ನೆರಳಲ್ಲಿ ಕೂತಿರುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ನಿಮ್ಮ ತೋಟದ ಬಿಸಿಲನ್ನು ಡಿಸೆಂಬರ್‌ನಲ್ಲಿ ಅಳೆಯಿರಿ, ದಯವಿಟ್ಟು.

ಗಡ್ಡದ ಐರಿಸ್‌ಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಆಫ್ರಿಕನ್ ಐರಿಸ್ ನೆರಳಲ್ಲಿ ಸಾಯುವುದಿಲ್ಲ, ಎಲೆ ಬಿಟ್ಟುಕೊಂಡು ಇರುತ್ತದೆ, ಹೂವು ಮಾತ್ರ ಕಮ್ಮಿ ಆಗುತ್ತಾ ಹೋಗುತ್ತದೆ.

ಅಗೆದಾಗ ಸಿಕ್ಕಿದ್ದು

ಗುದ್ದಲಿ ಬೇಡ, ಕೈ ಸಲಿಕೆ ಮತ್ತು ಹಳೆಯ ಸ್ಕ್ರೂಡ್ರೈವರ್ ಸಾಕು. ಗಡ್ಡದ ಐರಿಸ್‌ನ ಗೆಡ್ಡೆ ನೆಲಕ್ಕೆ ಸಮಾನಾಂತರವಾಗಿ ಮಲಗಿ ಬೆಳೆಯುತ್ತದೆ, ಗುದ್ದಲಿ ಏಟಿಗೆ ತುಂಡಾಗುತ್ತದೆ. ಸುತ್ತ ಮಣ್ಣು ಬಿಡಿಸಿಕೊಂಡು ಎತ್ತಬೇಕು.

ಗೆಡ್ಡೆಗಳ ಮೇಲೆ ಮೂರು ಇಂಚು ಮಣ್ಣು, ಅದರ ಮೇಲೆ ಒಣಗಿದ ಎಲೆಯ ಮುಚ್ಚಿಗೆ ಇತ್ತು. ಬೇರೆ ಗಿಡಕ್ಕೆ ಇದು ಒಳ್ಳೆಯದೇ, ಇದಕ್ಕೆ ಅಲ್ಲ. ಈ ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗಬೇಕು, ಇಲ್ಲವೇ ಬಿಸಿಲು ಜಾಸ್ತಿ ಇರುವ ಊರಲ್ಲಿ ಅರ್ಧ ಇಂಚು ಮಣ್ಣು ಮೇಲಿದ್ದರೆ ಸಾಕು. ಆಳಕ್ಕೆ ಹೋದರೆ ಹೂ ಬಿಡುವುದಿಲ್ಲ. ತೇವ ನಿಂತರೆ ಕೊಳೆಯುತ್ತದೆ. ನಾಲ್ಕೈದು ಗೆಡ್ಡೆ ಹಾಗೇ ಮೆತ್ತಗಾಗಿ ನಾರುತ್ತಿದ್ದವು. ನಾತ ಬಂದರೆ ಅದು ಬ್ಯಾಕ್ಟೀರಿಯಾದ ಕೊಳೆ, ಸುಮ್ನೆ ಶಿಲೀಂಧ್ರನಾಶಕ ಪುಡಿ ಸುರಿದರೆ ಹೋಗುವುದಿಲ್ಲ. ಮೆತ್ತಗಿನ ಭಾಗವನ್ನು ಚಮಚದಲ್ಲಿ ಕೆರೆದು, ಗಟ್ಟಿ ಬಿಳಿ ತಿರುಳು ಸಿಗುವವರೆಗೂ ತೆಗೆದು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಅದರಲ್ಲಿ ಅದ್ದಿ, ಗಾಯ ಒಣಗುವವರೆಗೂ ಗಾಳಿಯಾಡುವ ನೆರಳಲ್ಲಿ ಇಟ್ಟೆ. ಚಾಕುವನ್ನು ಪ್ರತಿ ಗೆಡ್ಡೆಗೂ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ನಾವೇ ರೋಗ ಹಂಚಿದ ಹಾಗಾಗುತ್ತದೆ.

ಇನ್ನು ಈ ಗೆಡ್ಡೆಯನ್ನು ಓದುವ ವಿಷಯ. ಗಡ್ಡದ ಐರಿಸ್‌ನ ಒಂದು ತುಂಡು ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಎಲೆಗಳ ನಟ್ಟನಡುವಿನಿಂದ ದಂಟು ಬರುತ್ತದೆ, ಹೂ ಮುಗಿದ ಮೇಲೆ ಅಲ್ಲಿ ಗುಂಡನೆ ಕಲೆ ಉಳಿಯುತ್ತದೆ, ಬೆಳವಣಿಗೆ ಪಕ್ಕದ ಮರಿಗಳಲ್ಲಿ ಮುಂದುವರಿಯುತ್ತದೆ. ಅದಕ್ಕೇ ಹಳೆಯ ಗೆಡ್ಡೆ ಗಂಟು ಗಂಟಾಗಿ ಸರಪಳಿ ಕಟ್ಟಿಕೊಂಡಿರುತ್ತದೆ. ನಾನು ಒಂದು ಸರಪಳಿಯನ್ನು ಪೂರ್ತಿ ಬಿಡಿಸಿ, ತೊಳೆದು, ಹಾಳೆ ಮೇಲೆ ಇಟ್ಟು ನೋಡಿದೆ. ಹೊಸ ಗಂಟುಗಳಲ್ಲಿ ಯಾವುದರಲ್ಲೂ ಕಲೆ ಇಲ್ಲ. ಕಟ್ಟಕಡೆಯ, ಒಣಗಿ ಕಪ್ಪಾದ ಗಂಟಿನಲ್ಲಿ ಮಾತ್ರ ಇತ್ತು. ಅದು ಶ್ರೀನಗರದಿಂದ ಬಂದ ಮೂಲ ತುಂಡು. ಅಲ್ಲಿ ಹೂ ಬಿಟ್ಟು ಬಂದಿದೆ, ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಬಿಟ್ಟಿಲ್ಲ.

ಕಟ್ಟಡದ ನೆರಳು ಬರುವ ಮುಂಚೆ ಹೂ ಬಿಟ್ಟಿದ್ದು ಹಾಗಾದರೆ ಯಾವುದು? ಆಫ್ರಿಕನ್ ಮತ್ತು ವಾಕಿಂಗ್ ಐರಿಸ್‌ಗಳೇ. ದೊಡ್ಡಮ್ಮ ನೆನಪಿಟ್ಟುಕೊಂಡಿದ್ದ "ಬಿಳಿ ಐರಿಸ್" ಅವು.

ಚಳಿ ಅನ್ನುವ ಸಮಸ್ಯೆ

ನೆರಳು, ಆಳ, ಯೂರಿಯಾ, ಇವೆಲ್ಲ ಸರಿ ಮಾಡಬಹುದು. ಆದರೆ ಗಡ್ಡದ ಐರಿಸ್ ಮೊಗ್ಗು ಕಟ್ಟಬೇಕಾದರೆ ಗೆಡ್ಡೆಗೆ ಹಲವು ವಾರಗಳ ಗಟ್ಟಿ ಚಳಿ ಬೇಕು, 5 ಡಿಗ್ರಿ ಆಸುಪಾಸು. ನಮ್ಮಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಸರಾಸರಿ 15-16 ಡಿಗ್ರಿ. ಬೆಂಗಳೂರಿನ ದಾಖಲೆಯ ಅತಿ ತಣ್ಣನೆಯ ರಾತ್ರಿ 1884ರ ಜನವರಿ 13, ಅವತ್ತೂ 7.8 ಡಿಗ್ರಿ. ಆ ಒಂದು ರಾತ್ರಿ ವಾರಗಟ್ಟಲೆ ಮುಂದುವರಿದಿದ್ದರೂ ಸಾಕಾಗುತ್ತಿತ್ತೋ ಇಲ್ಲವೋ ಅನ್ನುವ ಮಟ್ಟ ಇದು.

ಆನ್‌ಲೈನ್‌ನಲ್ಲಿ ಗೆಡ್ಡೆ ಕೊಂಡಾಗ ಪ್ಯಾಕೆಟ್ ಮೇಲೆ ಏಪ್ರಿಲ್‌ನಿಂದ ಜೂನ್ ಹೂ ಬಿಡುವ ಕಾಲ ಅಂತ ಬರೆದಿರುತ್ತಾರಲ್ಲ, ಅದು ಚಳಿ ದೇಶಗಳ ಕ್ಯಾಲೆಂಡರ್. ಅಲ್ಲಿ ಹಿಮ ಕರಗುವ ಹೊತ್ತಿಗೆ ಪುಟಾಣಿ ರೆಟಿಕ್ಯುಲಾಟಾ, ಏಪ್ರಿಲ್‌ನಲ್ಲಿ ಗಿಡ್ಡ ಗಡ್ಡದ ಐರಿಸ್, ಮೇ-ಜೂನ್‌ನಲ್ಲಿ ಎತ್ತರದವು, ಅದರ ಬೆನ್ನಿಗೆ ಸೈಬೀರಿಯನ್, ಜೂನ್-ಜುಲೈನಲ್ಲಿ ಜಪಾನಿನ ನೀರುಗದ್ದೆ ಐರಿಸ್, ಹೀಗೆ ಸರದಿ. ಆ ಸರದಿ ಶುರುವಾಗುವುದೇ ಚಳಿಗಾಲ ಮುಗಿದದ್ದರಿಂದ. ನಮ್ಮಲ್ಲಿ ಮುಗಿಯಲು ಅಂಥ ಚಳಿಗಾಲವೇ ಇಲ್ಲ, ಹಾಗಾಗಿ ಗಿಡ ಕಾಯುತ್ತಲೇ ಇರುತ್ತದೆ.

ಇದನ್ನು ದೊಡ್ಡಮ್ಮನಿಗೆ ಹೇಳುವುದು ಕಷ್ಟವಾಯಿತು. ಅಷ್ಟು ವರ್ಷ ನೀರು ಹಾಕಿದ್ದಾರೆ. "ನೀವು ಏನೂ ತಪ್ಪು ಮಾಡಿಲ್ಲ ದೊಡ್ಡಮ್ಮ, ಊರೇ ಅದಕ್ಕೆ ಸರಿಯಲ್ಲ" ಅಂದೆ. ಅವರು ಗೆಡ್ಡೆ ಕೈಗೆತ್ತಿಕೊಂಡು ನೋಡಿ, "ಹಾಗಾದ್ರೆ ಚಳಿ ಇರೋ ಕಡೆ ಕಳಿಸು. ಇಲ್ಯಾಕೆ ಕೊಳೀಬೇಕು" ಅಂದರು. ಊಟಿಯಲ್ಲಿ ನಮಗೆ ಬೇಕಾದವರ ಮನೆ ಇದೆ, ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಗಟ್ಟಿ ಗೆಡ್ಡೆಗಳನ್ನು ಆರಿಸಿ, ಎಲೆಯನ್ನು ಆರು ಇಂಚಿಗೆ ಕತ್ತರಿಸಿ, ಪೇಪರಿನಲ್ಲಿ ಸುತ್ತಿ ಅಲ್ಲಿಗೆ ಕಳಿಸಿದೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಕೊಳೆಯುತ್ತದೆ.

ಟೆರೇಸ್ ಮೇಲೆ ಹೊಸ ಜಾಗ

ಆಫ್ರಿಕನ್ ಐರಿಸ್‌ಗೆ ಬಿಸಿಲು ಬೇಕು. ಮನೆ ಒಂದೇ ಮಹಡಿಯದು, ಟೆರೇಸ್ ಆ ಕಟ್ಟಡದಿಂದ 25 ಅಡಿ ದೂರದಲ್ಲಿ ಶುರುವಾಗುತ್ತದೆ. ಟೆರೇಸ್ 12 ಅಡಿ ಎತ್ತರ, ಅಂದರೆ ಕಟ್ಟಡ ಅದಕ್ಕಿಂತ 28 ಅಡಿ ಮೇಲೆ, ಡಿಸೆಂಬರ್‌ನಲ್ಲೂ ನೆರಳು 21 ಅಡಿ ದಾಟುವುದಿಲ್ಲ. ವರ್ಷವಿಡೀ ಮಧ್ಯಾಹ್ನದ ಬಿಸಿಲು ಗ್ಯಾರಂಟಿ.

ಅಲ್ಲೇ ಹಾಲೋ ಬ್ಲಾಕ್ ಕಟ್ಟಿ ಕೆಳಗಿನ ಪಾತಿಯಷ್ಟೇ ದೊಡ್ಡ ಪಾತಿ ಮಾಡೋಣ ಅಂತ ಮಾಲಿ ಅಣ್ಣನ ಸಲಹೆ. ಅದಕ್ಕೆ ನಾನು ಒಪ್ಪಲಿಲ್ಲ. ಹತ್ತು ಅಡಿ, ಮೂರು ಅಡಿ, ಒಂದು ಅಡಿ ಆಳ ಅಂದರೆ 30 ಘನ ಅಡಿ. ನೀರು ಕುಡಿದ ಮಣ್ಣು ಅಷ್ಟಿದ್ದರೆ ಸುಮಾರು ಒಂದೂವರೆ ಟನ್ ತೂಗುತ್ತದೆ. ಹಳೆಯ ಮೋಲ್ಡಿಂಗ್ ಮೇಲೆ ಆ ಭಾರ ಬೇಡವೇ ಬೇಡ. ಈ ಗಿಡಗಳ ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ, ಒಂಬತ್ತು ಇಂಚು ಆಳ ಸಾಕು. 18 ಇಂಚು ಅಗಲ, 9 ಇಂಚು ಎತ್ತರದ ಗ್ರೋ ಬ್ಯಾಗ್‌ಗಳನ್ನು ತಂದು, ಕೆಳಗೆ ಗೋಡೆ ಬರುವ ಸಾಲಿನ ಮೇಲೇ ಇಟ್ಟೆ. ಪ್ರತಿ ಬ್ಯಾಗ್ ಅಡಿಗೂ ಇಟ್ಟಿಗೆ, ಮಳೆ ನೀರು ಕೆಳಗಿನಿಂದ ಹರಿದು ಕೊಳವೆಗೆ ಹೋಗಬೇಕು, ತೇವ ಸೀಲಿಂಗಿಗೆ ಇಳಿಯಬಾರದು.

ಮಣ್ಣಿನ ಮಿಶ್ರಣ: ಕೆಂಪು ಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ ಒಂದು ಪಾಲು, ಜರಡಿ ಹಿಡಿದ ಎಂ-ಸ್ಯಾಂಡ್ ಒಂದು ಪಾಲು, ಬ್ಯಾಗಿಗೆ ಒಂದೊಂದು ಹಿಡಿ ಬೇವಿನ ಹಿಂಡಿ, ಮೂಳೆ ಪುಡಿ. ಎಂ-ಸ್ಯಾಂಡ್ ಜರಡಿ ಹಿಡಿಯದೆ ಹಾಕಬೇಡಿ, ಅದರ ಧೂಳು ನೀರು ಬಿದ್ದ ಮೇಲೆ ಗಟ್ಟಿಯಾಗಿ ಕೂತು ನೀರು ಇಳಿಯಲು ಬಿಡುವುದಿಲ್ಲ. ಕುಂಡ, ಮಣ್ಣು ಎಲ್ಲ ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಲ್ಲಿ ಸಿಕ್ಕಿತು.

ಆಫ್ರಿಕನ್ ಐರಿಸ್‌ನ ಬುಡ ಎಷ್ಟು ಬಿಗಿಯಾಗಿತ್ತೆಂದರೆ ಗರಗಸದಲ್ಲೇ ಕೊಯ್ಯಬೇಕಾಯಿತು. ಒಂದೊಂದು ತುಂಡಿನಲ್ಲಿ ಆರೇಳು ಎಲೆಗೊಂಚಲು ಇರುವ ಹಾಗೆ ಬಿಡಿಸಿ ನೆಟ್ಟೆ. ತುಂಬಾ ಸಣ್ಣದಾಗಿ ಬಿಡಿಸಿದರೆ ಹೂವಿಗೆ ಇನ್ನೂ ಒಂದು ವರ್ಷ ಕಾಯಬೇಕಾಗುತ್ತದೆ.

ಬಿಡಿಸುವಾಗ ಇನ್ನೊಂದು ಕಾರಣ ಕಣ್ಣಿಗೆ ಬಿತ್ತು. ಎಲೆಗಳ ನಡುವೆ ಕತ್ತರಿಸಿದ ತೆಳು ದಂಟುಗಳ ಬುಡಗಳು ತುಂಬಾ ಇದ್ದವು. ಹೂ ಮುಗಿದ ದಂಟು ನೋಡಲು ಚೆನ್ನಾಗಿರುವುದಿಲ್ಲ ಅಂತ ಪ್ರತಿ ಸಲ ಕತ್ತರಿಸಿ ಹಾಕುತ್ತಿದ್ದರಂತೆ. ಗುಲಾಬಿಗೆ ಅದು ಸರಿ. ಆಫ್ರಿಕನ್ ಐರಿಸ್‌ನಲ್ಲಿ ಅದೇ ದಂಟು ಮುಂದಿನ ಸರದಿಗೂ, ಮುಂದಿನ ವರ್ಷಕ್ಕೂ ಮತ್ತೆ ಮೊಗ್ಗು ಕೊಡುತ್ತದೆ. ಹಸಿರಿರುವವರೆಗೂ ಅದನ್ನು ಮುಟ್ಟಬಾರದು, ಬೀಜದ ಕಾಯಿ ಮಾತ್ರ ಚಿವುಟಿ ತೆಗೆದರೆ ಸಾಕು. ವಾಕಿಂಗ್ ಐರಿಸ್‌ನಲ್ಲಿ ಇನ್ನೂ ಮೋಸ, ಅದರ ಹೂ ದಂಟು ಚಪ್ಪಟೆಯಾಗಿ ಎಲೆಯಂತೆಯೇ ಕಾಣುತ್ತದೆ, ಉದ್ದ ಬಂದ ಎಲೆ ಅಂತ ಕತ್ತರಿ ಹಾಕಿಬಿಡುತ್ತಾರೆ. ಮಾಲಿ ಅಣ್ಣನಿಗೆ ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಿದೆ. ಈಗ ಅವರೇ ದಂಟು ಬಂದ ಕೂಡಲೇ ಕೆಂಪು ದಾರ ಕಟ್ಟುತ್ತಾರೆ.

ವಾಕಿಂಗ್ ಐರಿಸ್ ಕೆಳಗಿನ ಹಳೇ ಪಾತಿಯಲ್ಲೇ ಉಳಿಯಿತು. ಅದಕ್ಕೆ ನೆರಳಿನ ಬೆಳಕೇ ಇಷ್ಟ. ಮರಿಗಳೇ ತುಂಬಿ ಬಲಿತ ಗಿಡಕ್ಕೆ ಜಾಗವಿರಲಿಲ್ಲ, ಅರ್ಧಕ್ಕಿಂತ ಜಾಸ್ತಿ ಕಿತ್ತು ಬೀದಿಯವರಿಗೆಲ್ಲ ಹಂಚಿದೆವು. ಹನ್ನೆರಡು ಎಲೆ ಆಗುವವರೆಗೂ ಅದು ಹೂ ಬಿಡುವುದಿಲ್ಲ ಅನ್ನುವ ಮಾತಿದೆ. ಲೆಕ್ಕ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಬಲಿತ ಗಿಡಕ್ಕೇ ಹೂ ಅನ್ನುವುದು ನಿಜ.

ಹೂವು

ವಾಕಿಂಗ್ ಐರಿಸ್ ಏಪ್ರಿಲ್‌ನಲ್ಲಿ ಬಿಟ್ಟಿತು. ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ, ದೊಡ್ಡಮ್ಮ ಫೋನ್ ಮಾಡಿ "ಬೇಗ ಬಾ, ಸಂಜೆಗೆ ಇರಲ್ಲ" ಅಂತ ಕರೆದರು. ಆಫ್ರಿಕನ್ ಐರಿಸ್‌ಗೆ ಬೇರೂರಲು ಸಮಯ ಬೇಕಾಯಿತು. ಮೇ ಕೊನೆಯ ಮಳೆಯ ನಂತರ ಒಂದೆರಡು, ಆಮೇಲೆ ಅಕ್ಟೋಬರ್‌ನಿಂದ ಅಲೆ ಅಲೆಯಾಗಿ. ಎಲ್ಲ ಗಿಡವೂ ಒಟ್ಟಿಗೆ ಬಿಟ್ಟು, ಕೆಲವು ದಿನ ಸುಮ್ಮನಿದ್ದು, ಮತ್ತೆ ಬಿಡುತ್ತವೆ.

ಖಾಲಿಯಾದ ಎರಡು ಬ್ಯಾಗಿಗೆ ಚುಕ್ಕೆ ಚುಕ್ಕೆ ಕಿತ್ತಳೆ ಹೂವಿನ ಬ್ಲ್ಯಾಕ್‌ಬೆರಿ ಲಿಲ್ಲಿ ಹಾಕಿದೆ. ಲಿಲ್ಲಿ ಅನ್ನುತ್ತಾರೆ, ಆದರೆ 2005ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಐರಿಸ್ ಕುಲಕ್ಕೇ ಸೇರಿಸಿದ್ದಾರೆ, ಈಗ ಅದರ ಹೆಸರು ಐರಿಸ್ ಡೊಮೆಸ್ಟಿಕಾ. ಗಟ್ಟಿ ಚಳಿಗೆ ಕಾಯದೆ ಆಗಸ್ಟ್‌ನಲ್ಲಿ ಹೂ ಬಿಟ್ಟಿತು. ಬೆಂಗಳೂರಿನಲ್ಲಿ ನಿಜವಾದ ಐರಿಸ್ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ದೊಡ್ಡಮ್ಮನಿಗೆ ನೀಲಿ ಬೇಕಿತ್ತು. ಅದಕ್ಕೆ ಡಚ್ ಐರಿಸ್ ತರಿಸಿದೆ. ಇದಕ್ಕೂ ತಂಪು ಬೇಕು, ಆದರೆ ಅಷ್ಟು ಗಟ್ಟಿ ಚಳಿ ಬೇಡ. ವ್ಯಾಪಾರಕ್ಕೆ ಬೆಳೆಯುವವರು ಗೆಡ್ಡೆಯನ್ನು 9-10 ಡಿಗ್ರಿಯಲ್ಲಿ ಸುಮಾರು ಆರು ವಾರ ಇಟ್ಟು ಆಮೇಲೆ ನೆಡುತ್ತಾರೆ. ಗೆಡ್ಡೆಯ ಸುತ್ತಳತೆ 6-7 ಸೆಂಟಿಮೀಟರಾದರೂ ಇರಬೇಕು. ಅದಕ್ಕಿಂತ ಸಣ್ಣದು ಮೂರು ಎಲೆ ಬಿಟ್ಟು ನಿಂತುಬಿಡುತ್ತದೆ, ಮೂರೇ ಎಲೆ ಕಂಡರೆ ಆ ವರ್ಷ ಹೂವಿಲ್ಲ ಅಂತಲೇ ತಿಳಿಯಿರಿ. ಅಕ್ಟೋಬರ್ ಮಧ್ಯದಲ್ಲಿ ಪೇಪರ್ ಕವರಿಗೆ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಟ್ಟೆ, ಥರ್ಮಾಮೀಟರ್ ಇಟ್ಟು ನೋಡಿದರೆ ಅಲ್ಲಿ 7-8 ಡಿಗ್ರಿ. ಆ ಡಬ್ಬದಿಂದ ಹಣ್ಣೆಲ್ಲ ತೆಗೆಸಿದೆ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೆಡಿಸಬಹುದು.

ಡಿಸೆಂಬರ್ ಮೊದಲ ವಾರ ನಾಲ್ಕು ಇಂಚು ಆಳಕ್ಕೆ ನೆಟ್ಟೆ. ಡಚ್ ಐರಿಸ್‌ಗೆ ಆಳ ಬೇಕು, ಗಡ್ಡದ ಐರಿಸ್‌ಗೆ ಉಲ್ಟಾ. ಫೆಬ್ರವರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೆಡ್ಡೆಗಳು ಹೂ ಬಿಟ್ಟವು. ಗಾಢ ನೀಲಿ, ಎಸಳಿನ ಮೇಲೆ ಒಂದು ಹಳದಿ ಗೆರೆ. ಉಳಿದವುಗಳಲ್ಲಿ ಮೊಗ್ಗು ಹೊದಿಕೆಯೊಳಗೇ ಒಣಗಿತು. ಬೆಳೆಯುವಾಗ ಹಗಲಿನ ಸೆಕೆ ಜಾಸ್ತಿಯಾಗಿ ಬೆಳಕು ಸಾಲದಿದ್ದರೆ ಹೀಗಾಗುತ್ತದೆ. ಒಣಗಿದವೆಲ್ಲ ನೀರಿನ ಟ್ಯಾಂಕಿನ ಪಕ್ಕದ ಬ್ಯಾಗಿನವು, ಅಲ್ಲಿ ಮಧ್ಯಾಹ್ನ ಆದಮೇಲೆ ಟ್ಯಾಂಕಿನ ನೆರಳು ಬೀಳುತ್ತದೆ. ಈ ಸಲ ಅವನ್ನು ಪೂರ್ವದ ಮೋಟುಗೋಡೆ ಕಡೆ ಇಡಬೇಕು, ಬೆಳಗಿನ ಬಿಸಿಲು ಪೂರ್ತಿ ಸಿಗುವಲ್ಲಿ, ಮತ್ತು ಬಿಳಿ ಬಟ್ಟೆ ಸುತ್ತಿ ಬ್ಯಾಗ್ ಕಾಯದ ಹಾಗೆ ನೋಡಿಕೊಳ್ಳಬೇಕು.

ಹೂ ಬಿಟ್ಟ ಡಚ್ ಗೆಡ್ಡೆಯನ್ನು ಉಳಿಸಿಕೊಂಡು ಮುಂದಿನ ವರ್ಷ ಮತ್ತೆ ನೆಡಬಹುದಾ ಅಂತ ಕೇಳುವವರಿದ್ದಾರೆ. ನಮ್ಮ ಮಾರ್ಚ್ ಬಿಸಿಲಿಗೆ ಎಲೆ ಬೇಗ ಒಣಗುತ್ತದೆ, ಗೆಡ್ಡೆ ಮತ್ತೆ ಆ ಗಾತ್ರಕ್ಕೆ ತುಂಬಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ಅಗೆದು ಅಳೆದು ನೋಡಿದೆ, ಎಲ್ಲವೂ ಬೆರಳ ತುದಿಯಷ್ಟು ಸಣ್ಣ ಮರಿಗಳಾಗಿ ಒಡೆದಿದ್ದವು. ಪ್ರತಿ ವರ್ಷ ಹೊಸದು ತರಿಸುವುದೇ ಸರಿ, ಸೆಪ್ಟೆಂಬರ್‌ನಲ್ಲೇ ಆರ್ಡರ್ ಮಾಡಿದರೆ ದೊಡ್ಡ ಗಾತ್ರದ ಗೆಡ್ಡೆ ಸಿಗುತ್ತದೆ.